ಶೌಕಿಯ ಭೂತಕಾಲ

ದಮಿಯಾತ್ ಊರಿನಲ್ಲಿ ಮಂಚ ಮಾರುತ್ತೀರಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಮಂಚದ ಜೊತೆಗೆ ಇನ್ನೇನು ಮಾರುತ್ತೀರಿ ಎಂದು ಕೇಳುತ್ತಾರೆ. ಈಜಿಪ್ಟಿನ ಯಾವ ಮೂಲೆಯಲ್ಲಿ ಮದುವೆ ಗೊತ್ತಾದರೂ ಹೆಣ್ಣಿನ ಕಡೆಯವರು ಮೊದಲು ಬರುವುದು ಇಲ್ಲಿಗೆ. ಬೀದಿಯ ತುಂಬ ಮರದ ಹೊಟ್ಟು, ಮೆರುಗೆಣ್ಣೆಯ ವಾಸನೆ, ಜನ ನಡೆಯಬೇಕಾದ ಜಾಗದಲ್ಲಿ ಬಿಸಿಲು ಕಾಯುತ್ತ ನಿಂತ ಕಪಾಟುಗಳು. ಅಂಥ ಬೀದಿಯ ನಟ್ಟನಡುವೆ ಶೌಕಿಯ ಅಂಗಡಿ. ಹೆಸರಿಗೆ ತಕ್ಕ ಹಾಗೆ ಮನುಷ್ಯನಿಗೆ ಸ್ವಲ್ಪ ಶೋಕಿಯೂ ಇತ್ತು. ಅವನ ಮಂಚಗಳ ತಲೆಭಾಗದಲ್ಲಿ ಗುಲಾಬಿ, ದ್ರಾಕ್ಷಿಗೊಂಚಲು, ಕತ್ತು ಹೆಣೆದುಕೊಂಡ ಎರಡು ಹಂಸ, ಇಷ್ಟೂ ಇದ್ದು ಎಲ್ಲಕ್ಕೂ ಚಿನ್ನದ ಬಣ್ಣ ಬಳಿದಿರುತ್ತಿತ್ತು. ಅದರ ಮೇಲೆ ಮಲಗಿದವರಿಗೆ ನಿದ್ದೆ ಬರುತ್ತಿತ್ತೋ ಇಲ್ಲವೋ, ತಾವು ಸುಲ್ತಾನರ ವಂಶದವರೆಂಬ ಅನುಮಾನವಂತೂ ಬರುತ್ತಿತ್ತು.

ಎದುರು ಸಾಲಿನ ಅಂಗಡಿಯವನು ಒಂದು ದಿನ ಇಂಗ್ಲಿಷಿನಲ್ಲಿ ಬೋರ್ಡು ಬರೆಸಿದ. ಅದೇ ವಾರ ಶೌಕಿ ಇಂಗ್ಲಿಷ್ ಕಲಿಯಲು ಹೋದ. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮಿಸ್ ದಾಲಿಯಾ ಎಂಬ ಹುಡುಗಿ ಸಂಜೆ ಪಾಠ ಹೇಳುತ್ತಿದ್ದಳು. ಹಗಲು ಸರ್ಕಾರಿ ಶಾಲೆಯ ಟೀಚರು. ಐವತ್ತು ದಾಟಿದ ಶೌಕಿ, ಮೀಸೆ ಮೂಡದ ಹುಡುಗರ ಮಧ್ಯೆ ಮೊದಲ ಬೆಂಚಿನಲ್ಲೇ ಕೂತ. ಒಪ್ಪಿಕೊಳ್ಳಬೇಕಾದ ಮಾತೆಂದರೆ, ಚೆನ್ನಾಗಿಯೇ ಕಲಿತ. ವರ್ತಮಾನಕಾಲ ಒಂದೇ ತಿಂಗಳಲ್ಲಿ ಅವನ ಕೈವಶವಾಯಿತು. ಭೂತಕಾಲ ಬಂದಾಗ ಅದರ ಮೇಲೆ ಅವನಿಗೆ ಪ್ರೀತಿಯೇ ಹುಟ್ಟಿತು. ಎಷ್ಟು ಅಚ್ಚುಕಟ್ಟು. ಆಯಿತು, ಹೋಯಿತು, ಮುಗಿಯಿತು. ಮನೆಯಲ್ಲಿ ಬೆಕ್ಕನ್ನು ಓಡಿಸಿದರೂ ಅದನ್ನು ಭೂತಕಾಲದಲ್ಲಿ ಒಮ್ಮೆ ಹೇಳಿಕೊಂಡೇ ಕೂರುತ್ತಿದ್ದ.

ಕಷ್ಟ ಶುರುವಾದದ್ದು ಆಮೇಲೆ.

"ಇವತ್ತು ಹೊಸ ರೂಪ," ಎಂದಳು ದಾಲಿಯಾ. "ಹಿಂದೆ ಯಾವಾಗ್ಲೋ ಶುರುವಾಗಿ, ಇನ್ನೂ ಮುಗೀದೆ ಇರೋ ಕೆಲಸಕ್ಕೆ ಇದು ಬೇಕು. ಕ್ರಿಯಾಪದದ ಮುಂದೆ ಹ್ಯಾವ್ ಹಾಕ್ಬೇಕು. ಎಷ್ಟು ಕಾಲದಿಂದ ಅನ್ನೋಕೆ ಫಾರ್, ಯಾವತ್ತಿನಿಂದ ಅನ್ನೋಕೆ ಸಿನ್ಸ್."

ಶೌಕಿ ಕೈ ಎತ್ತಿದ. "ಮಿಸ್, ಹ್ಯಾವ್ ಅಂದ್ರೆ 'ನನ್ನ ಹತ್ರ ಇದೆ' ಅಂತ ನೀವೇ ಹೇಳ್ಕೊಟ್ಟಿದ್ದು. ನನ್ನ ಹತ್ರ ಅಂಗಡಿ ಇದೆ, ನನ್ನ ಹತ್ರ ಮಂಚ ಇದೆ. ಈಗ ಅದನ್ನೇ ತಂದು ಕ್ರಿಯಾಪದದ ಕುತ್ತಿಗೆಗೆ ಕಟ್ಟಿದ್ರೆ ಹೇಗೆ?"

"ಇದು ಬೇರೆ ಹ್ಯಾವ್, ಶೌಕಿ ಬೇ," ಎಂದಳು ದಾಲಿಯಾ. ಬೇ ಎಂದರೆ ಅಲ್ಲಿ ಸಾಹೇಬರೇ ಎಂದ ಹಾಗೆ. "ಈಗ ನಿಮ್ಮನ್ನೇ ತಗೊಳ್ಳಿ. ನಿಮಗೆ ಮದುವೆಯಾಗಿ ಎಷ್ಟು ವರ್ಷ?"

"ಇಪ್ಪತ್ನಾಲ್ಕು."

"ಅದನ್ನ ಹೇಗೆ ಹೇಳ್ತೀರಿ?"

"ಮದುವೆ ಆದದ್ದು ಯಾವಾಗ? ಹಿಂದೆ. ಹಿಂದೆ ಅಂದ್ರೆ ಭೂತಕಾಲ. ಮುಗೀತು."

"ಮದುವೆ ಮುಗೀತಾ?"

"ಮದುವೆ ಯಾಕೆ ಮುಗಿಯುತ್ತೆ ಮಿಸ್, ವ್ಯಾಕರಣ ಮುಗೀತು."

ಹುಡುಗರು ನಕ್ಕರು. ದಾಲಿಯಾ ಹಲಗೆಯ ಮೇಲೆ ಒಂದು ಗೆರೆ ಎಳೆದು, ಅಲ್ಲಿಂದ ಇಲ್ಲಿಯವರೆಗೆ ಬಾಣ ಬರೆದು, ಮತ್ತೊಂದು ಬಾಣ ಬರೆದು ವಿವರಿಸಿದಳು. ಶೌಕಿ ಬಾಣಗಳನ್ನು ಕರುಣೆಯಿಂದ ನೋಡಿದ. ಆಗಿದ್ದು ಆಗಿದೆ, ಆಗದ್ದು ಆಗಿಲ್ಲ. ಈ ಎರಡರ ನಡುವೆ ಮೂರನೆಯದೊಂದು ಇದೆ ಎನ್ನುವುದು ಶುಲ್ಕ ಕೀಳಲು ಹೂಡಿದ ಹೂಟ ಎಂದು ಅವನಿಗೆ ಖಾತ್ರಿಯಾಯಿತು. ಮರುದಿನದಿಂದ ಪಾಠಕ್ಕೆ ಹೋಗಲಿಲ್ಲ. ಒಬ್ಬ ವ್ಯಾಪಾರಿಗೆ ಬೇಕಾದಷ್ಟು ಇಂಗ್ಲಿಷ್ ತನಗೆ ಬಂದಿದೆ ಎಂದು ಬೀದಿಯವರಿಗೆಲ್ಲ ತಿಳಿಸಿದ. ಬೀದಿಯವರಿಗೆ ಇಂಗ್ಲಿಷ್ ಬಾರದ ಕಾರಣ ಅವರೂ ಒಪ್ಪಿದರು.

ಇಷ್ಟಾದ ಸ್ವಲ್ಪ ದಿನಕ್ಕೆ ಮಿಸೆಸ್ ಕೆರಿಗನ್ ಎಂಬ ಐರ್ಲೆಂಡಿನ ಹೆಂಗಸು ಬಂದಳು. ಮಾಲ್ಟಾ ದ್ವೀಪದಲ್ಲಿ ಅತಿಥಿಗೃಹ ತೆರೆಯುವವಳು. ಕೋಣೆಗಳಿಗೆಲ್ಲ ಮಂಚ ಬೇಕಿತ್ತು. ಹತ್ತಿರದ ರಾಸ್ ಅಲ್-ಬರ್‌ನ ಕಡಲತೀರದ ಹೋಟೆಲಿನಲ್ಲಿ ಇಳಿದುಕೊಂಡು, ಬೆಳಿಗ್ಗೆ ಟ್ಯಾಕ್ಸಿ ಹಿಡಿದು, ಬೀದಿಯ ಒಂದು ತುದಿಯಿಂದ ನೋಡುತ್ತ ಬಂದವಳು ಶೌಕಿಯ ಹಂಸಗಳ ಮುಂದೆ ನಿಂತುಬಿಟ್ಟಳು. ಇಡೀ ಬೀದಿ ಉಸಿರು ಬಿಗಿಹಿಡಿಯಿತು. ಶೌಕಿ ಕೋಟಿನ ಗುಂಡಿ ಹಾಕಿಕೊಂಡ.

ಅವತ್ತು ಬೆಳಿಗ್ಗೆಯೇ ಶೌಕಿಯ ಹೆಂಡತಿ ಇನ್ಶಿರಾ ಮನ್ಸೂರಾ ಊರಿಗೆ ಹೋಗಿದ್ದಳು. ಅಲ್ಲಿ ಅವಳ ತಂಗಿಯ ಮನೆ, ತಾಯಿಯೂ ಅಲ್ಲೇ. ಹೋಗುವ ಮುಂಚೆ ಗಂಡ ಹೆಂಡತಿ ಕಿಟಕಿಯ ಪರದೆಯ ಬಣ್ಣಕ್ಕೆ ಜಗಳವಾಡಿದ್ದರು. ಅವಳಿಗೆ ಹಸಿರು ಬೇಕು, ಅವನಿಗೆ ಕಂದು. "ಸಂಜೆ ತನಕ ನಂಗೆ ಫೋನ್ ಮಾಡ್ಬೇಡಿ," ಎಂದು ಬಾಗಿಲು ಎಳೆದುಕೊಂಡು ಹೋಗಿದ್ದಳು. ಕಥೆಗೆ ಇಷ್ಟು ಗೊತ್ತಿದ್ದರೆ ಸಾಕು.

ಚಹಾ ಬಂತು. ಮಿಸೆಸ್ ಕೆರಿಗನ್ ಮಂಚವನ್ನು ತಟ್ಟಿ ನೋಡಿ, ಮಾತಿಗೊಂದು ಮಾತು ಎಂಬಂತೆ ಕೇಳಿದಳು: "ನಿಮಗೆ ಮದುವೆಯಾಗಿದೆಯೇ, ಮಿಸ್ಟರ್ ಶೌಕಿ?"

ಶೌಕಿ ಬೆನ್ನು ನೆಟ್ಟಗೆ ಮಾಡಿದ. ಸರಿಯಾಗಿ ತಾನು ತಯಾರಿ ಮಾಡಿಕೊಂಡ ಪ್ರಶ್ನೆಯೇ ಬಂದಿತ್ತು. "ಐ ವಾಸ್ ಮ್ಯಾರೀಡ್ ಫಾರ್ ಟ್ವೆಂಟಿಫೋರ್ ಇಯರ್ಸ್," ಎಂದ, ಒಂದೊಂದು ಪದಕ್ಕೂ ಮೆರುಗೆಣ್ಣೆ ಹಚ್ಚಿ.

ಅವನ ಮನಸ್ಸಿನಲ್ಲಿ ಇದರ ಅರ್ಥ, ಮದುವೆಯಾಗಿ ಇಪ್ಪತ್ನಾಲ್ಕು ವರ್ಷವಾಯಿತು ಎಂದು. ಮಿಸೆಸ್ ಕೆರಿಗನ್ ಕಿವಿಗೆ ಬಿದ್ದದ್ದು, ಇಪ್ಪತ್ನಾಲ್ಕು ವರ್ಷ ಹೆಂಡತಿ ಇದ್ದಳು, ಈಗಿಲ್ಲ ಎಂದು. ಅವಳು ಸ್ವತಃ ವಿಧವೆ. ಚಹಾದ ಲೋಟ ಕೆಳಗಿಟ್ಟಳು.

"ಅಯ್ಯೋ ಪಾಪ. ಹೋಗಿಬಿಟ್ಟರೇ?"

"ಹೋದಳು," ಎಂದ ಶೌಕಿ, ಈಕೆಗೆ ಹೇಗೆ ಗೊತ್ತಾಯಿತು ಎಂದು ಬೆರಗಾಗುತ್ತ. "ಇವತ್ತು ಬೆಳಿಗ್ಗೆ ಹೋದಳು."

"ಇವತ್ತು ಬೆಳಿಗ್ಗೆ? ಮತ್ತೆ ನೀವು ಅಂಗಡಿ ತೆರೆದಿದ್ದೀರಿ?"

"ಮನೆಯಲ್ಲಿ ಕೂತು ಏನು ಮಾಡುವುದು? ಇವತ್ತು ಮನೆ ತುಂಬಾ ಶಾಂತವಾಗಿದೆ."

ಮಿಸೆಸ್ ಕೆರಿಗನ್ ಕರ್ಚೀಫು ತೆಗೆದಳು. ಹಠಾತ್ತಾಗಿಯೇ ಎಂಬರ್ಥದಲ್ಲಿ, "ಸಡನ್?" ಎಂದು ಮೆಲ್ಲಗೆ ಕೇಳಿದಳು.

ಆ ಪದ ಶೌಕಿಯ ಪಾಠದಲ್ಲಿ ಬಂದಿರಲಿಲ್ಲ. "ಇಲ್ಲ ಇಲ್ಲ, ಸುಡಾನ್ ಅಲ್ಲ. ಮನ್ಸೂರಾ. ಅಲ್ಲಿ ಅವಳ ತಾಯಿ ಇದ್ದಾರೆ, ತಂಗಿ ಇದ್ದಾಳೆ."

"ಹಾಗಾದರೆ ಈಗ ಎಲ್ಲರೂ ಒಟ್ಟಿಗೆ ಇದ್ದಾರೆ."

"ಹೌದು. ತುಂಬಾ ಸಂತೋಷವಾಗಿರುತ್ತಾರೆ. ಅಲ್ಲಿ ಗಾಳಿ ಚೆನ್ನಾಗಿದೆ."

"ನೀವು ಬಹಳ ಧೈರ್ಯಸ್ಥರು."

"ಏನು ಮಾಡುವುದು, ನನ್ನನ್ನೂ ಕರೆಯುತ್ತಲೇ ಇರುತ್ತಾಳೆ. ಬೇಗ ನಾನೂ ಹೋಗುತ್ತೇನೆ."

ಮಿಸೆಸ್ ಕೆರಿಗನ್ ಅವನ ಎರಡೂ ಕೈ ಹಿಡಿದುಕೊಂಡಳು. "ಬೇಡಿ. ದಯವಿಟ್ಟು ಹಾಗೆ ಯೋಚಿಸಬೇಡಿ. ನನಗೆ ಮಾತು ಕೊಡಿ, ಹೋಗುವುದಿಲ್ಲ ಅಂತ."

ವಿದೇಶಿಯರಿಗೆ ಮನ್ಸೂರಾ ಕಂಡರೆ ಯಾಕೆ ಆಗುವುದಿಲ್ಲವೋ ಎಂದುಕೊಂಡರೂ ಗಿರಾಕಿಯ ಮನಸ್ಸು ನೋಯಿಸಬಾರದೆಂದು ಶೌಕಿ ಮಾತು ಕೊಟ್ಟ. ಅವಳು ಕಣ್ಣೊರೆಸಿಕೊಂಡು, ಇಂಥ ದಿನ ವ್ಯಾಪಾರದ ಮಾತು ಆಡುವುದು ಸರಿಯಲ್ಲ, ಮತ್ತೆ ಬರುತ್ತೇನೆ ಎಂದು ಟ್ಯಾಕ್ಸಿ ಹತ್ತಿದಳು. ತನ್ನ ಇಂಗ್ಲಿಷ್ ಒಬ್ಬ ಇಂಗ್ಲಿಷ್ ಮಾತೃಭಾಷೆಯವಳ ಕಣ್ಣಲ್ಲಿ ನೀರು ತರಿಸಿದ್ದನ್ನು ಕಂಡ ಶೌಕಿ, ಎದೆಯುಬ್ಬಿಸಿ ಊರಾಚೆಯ ತನ್ನ ಕಾರ್ಖಾನೆಗೆ ಹೊರಟ. ಹಂಸಗಳ ಕೊಕ್ಕಿಗೆ ಇನ್ನೊಂದು ಸುತ್ತು ಚಿನ್ನದ ಬಣ್ಣ ಬಳಿಸಬೇಕಿತ್ತು.

ಹೋಟೆಲಿನಲ್ಲಿ ಮಿಸೆಸ್ ಕೆರಿಗನ್, ಊರಿನಲ್ಲಿ ಹೂವು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದಳು. ಯಾಕೆ ಎಂದು ಸ್ವಾಗತದ ಮೇಜಿನ ಹುಡುಗ ಕೇಳಿದ. ಅವಳು ಹೇಳಿದಳು. ಆ ಹುಡುಗ ಯಾರು? ಶೌಕಿಯ ಅಂಗಡಿಯ ಪಕ್ಕದಲ್ಲೇ ಕಾಫಿ ಅಂಗಡಿ ಇಟ್ಟಿರುವ ಹಾಜಿ ಮಿತ್ವಲ್ಲಿಯ ಅಕ್ಕನ ಮಗ. ಅವನು ಫೋನು ಎತ್ತಿಕೊಂಡ.

ಹಾಜಿ ಮಿತ್ವಲ್ಲಿ ಫೋನು ಇಟ್ಟು, ರೇಡಿಯೋ ಆರಿಸಿದ. ಪಗಡೆ ಆಡುತ್ತಿದ್ದವರ ಹಲಗೆ ಮಡಿಚಿದ.

"ನಮ್ಮ ಶೌಕಿ ಹೆಂಡ್ತಿ ಹೋಗ್ಬಿಟ್ಳಂತೆ."

"ಯಾರು, ಇನ್ಶಿರಾನಾ? ಬೆಳಿಗ್ಗೆ ವ್ಯಾನ್ ಹತ್ತೋದನ್ನ ನಾನೇ ನೋಡ್ದೆ."

"ಬೆಳಿಗ್ಗೆ ಹತ್ತಿದ್ದಾಳೆ, ಮನ್ಸೂರಾದಲ್ಲಿ ಇಳಿದಿದ್ದಾಳೆ, ತಾಯಿ ತಂಗಿ ಕೈಯಲ್ಲೇ ಪ್ರಾಣ ಬಿಟ್ಟಿದ್ದಾಳೆ. ಅಲ್ಲೇ ಮಣ್ಣು ಮಾಡಿರ್ಬೇಕು."

"ಮತ್ತೆ ಶೌಕಿ ಅಂಗಡೀಲಿ ನಗ್ತಾ ಕೂತಿದ್ನಲ್ಲ?"

"ದುಃಖ ತಲೆಗೆ ಹತ್ತಿದೆ," ಎಂದ ಹಾಜಿ. "ನಾನೂ ಬೇಗ ಹೋಗ್ತೀನಿ ಅಂತ ಆ ಮೇಡಂ ಹತ್ರ ಅಂದ್ನಂತೆ. ಒಬ್ಬನ್ನೇ ಬಿಡ್ಬಾರ್ದು."

ದಮಿಯಾತಿನವರಿಗೆ ಸೋಮಾರಿಗಳು ಎಂಬ ಹೆಸರಿಲ್ಲ. ಮೂರನೆಯ ಹೊತ್ತಿನ ನಮಾಜಿನ ವೇಳೆಗೆ ಶೌಕಿಯ ಮನೆಯ ಮುಂದೆ ಬೀದಿಗಡ್ಡವಾಗಿ, ಸಾಂತ್ವನಕ್ಕೆ ಬರುವವರಿಗೆಂದು, ಕೆಂಪು ನೀಲಿ ಚಿತ್ತಾರದ ಬಟ್ಟೆಯ ಚಪ್ಪರ ಎದ್ದಿತ್ತು. ಕುರ್ಚಿಗಳು ಬಂದವು. ಕುರ್‌ಆನ್ ಓದಲು ಶೇಖ್ ಅರಫಾ ಬಂದು ಮೈಕು ಊದಿ ನೋಡಿದ. ಹಾಜಿ ಮಿತ್ವಲ್ಲಿ ಸಾವಿನ ಮನೆಯ ವಾಡಿಕೆಯಂತೆ ಸಕ್ಕರೆ ಹಾಕದ ಕಾಫಿಯ ದೊಡ್ಡ ಪಾತ್ರೆ ಒಲೆಗೇರಿಸಿದ. ಮೇಲಿನ ಮನೆಯ ಜೀನಾತ್ ಎಂಬ ಹೆಂಗಸು ಬಾಲ್ಕನಿಯಿಂದ ಒಂದು ಸಲ ಕಿರುಚಿ ಉಳಿದ ಬೀದಿಗಳಿಗೂ ಸುದ್ದಿ ಮುಟ್ಟಿಸಿದಳು. ಚಪ್ಪರದ ಒಂದು ಪಕ್ಕಕ್ಕೆ ಬಟ್ಟೆ ಅಡ್ಡ ಕಟ್ಟಿ ಹೆಂಗಸರಿಗೆ ಜಾಗ ಮಾಡಿದರು.

ಶೌಕಿ ಕಾರ್ಖಾನೆಯಿಂದ ಬಂದಾಗ ನೋಡುತ್ತಾನೆ, ಮನೆಯೆದುರು ಚಪ್ಪರ, ಮೈಕಿನಲ್ಲಿ ಕುರ್‌ಆನ್. ಯಾರು ಹೋಗಿರಬಹುದು ಎಂದು ಬೀದಿಯ ಮುದುಕರನ್ನೆಲ್ಲ ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿದ. ಎಲ್ಲರೂ ಎದುರಿಗೇ ಕುರ್ಚಿಯಲ್ಲಿ ಕೂತಿದ್ದರು. ಅಷ್ಟರಲ್ಲಿ ಹಾಜಿ ಮಿತ್ವಲ್ಲಿ ಬಂದು ಅಪ್ಪಿಕೊಂಡ.

"ಧೈರ್ಯ ತಂದ್ಕೋ ಶೌಕಿ. ದೇವರ ಇಚ್ಛೆ."

"ಯಾರು ಹಾಜಿ?"

"ಗೊತ್ತು ಕಣಪ್ಪ. ಒಪ್ಕೊಳ್ಳೋದು ಕಷ್ಟ."

"ಏನು ಒಪ್ಕೋಬೇಕು?"

ಹಾಜಿ ಸುತ್ತಲಿದ್ದವರನ್ನು ನೋಡಿದ. ನಾನು ಹೇಳಲಿಲ್ಲವೇ, ತಲೆಗೆ ಹತ್ತಿದೆ ಎಂಬ ನೋಟ. "ಇನ್ಶಿರಾ," ಎಂದ ಕೊನೆಗೆ.

"ಇನ್ಶಿರಾ ಮನ್ಸೂರಾದಲ್ಲಿದ್ದಾಳೆ."

"ಹೌದು, ಹೌದು. ಅಲ್ಲೇ ಇದ್ದಾಳೆ," ಎಂದು ಎಲ್ಲರೂ ಒಟ್ಟಿಗೆ ಸಮಾಧಾನ ಹೇಳಿದರು.

ಶೌಕಿ ಫೋನು ತೆಗೆದ. ಹೆಂಡತಿಯ ಫೋನು ಆಫ್ ಆಗಿತ್ತು. ಅವಳ ತಂಗಿಯ ಗಂಡನಿಗೆ ಮಾಡಿದ. ಆ ಷಡ್ಡಕ ರಾತ್ರಿಯೆಲ್ಲ ರೊಟ್ಟಿ ಸುಟ್ಟು ಹಗಲು ನಿದ್ದೆ ಮಾಡುವ ಬೇಕರಿಯವನು, ಅವನದೂ ಆಫ್. ಶೌಕಿ ಹಾಜಿಯ ಕಡೆ ತಿರುಗಿದ.

"ಯಾರು ಹೇಳಿದ್ದು ನಿಮಗೆ?"

"ಆ ಐರ್ಲೆಂಡಿನ ಮೇಡಂ. ಇಂಗ್ಲಿಷಿನಲ್ಲಿ ಹೇಳಿದ್ರಂತೆ. ನನ್ನ ಅಕ್ಕನ ಮಗ ಕಿವಿಯಾರ ಕೇಳಿದ್ದಾನೆ."

ಇಲ್ಲಿ ಶೌಕಿ ಸೋತ. ಅರಬ್ಬಿಯಲ್ಲಿ ಬಂದ ಸುದ್ದಿಯನ್ನು ಅವನು ಎಂದೂ ಪೂರ್ತಿ ನಂಬಿದವನಲ್ಲ. ಬೀದಿಯಲ್ಲಿ ಹುಟ್ಟಿದ ಸುದ್ದಿ ಎಷ್ಟೆಂದರೂ ಬೀದಿಯದು. ಆದರೆ ಇಂಗ್ಲಿಷಿನಲ್ಲಿ ಬಂದ ಸುದ್ದಿ ಸುಳ್ಳಾಗುವುದುಂಟೇ? ಅದಕ್ಕೇ ತಾನೆ ಆಕೆ ಬೆಳಿಗ್ಗೆ ಕೈ ಹಿಡಿದುಕೊಂಡು ಅತ್ತದ್ದು? ಹೋಗಿಬಿಟ್ಟರೇ ಎಂದು ಮೊದಲು ಕೇಳಿದ್ದೂ ಆಕೆಯೇ. ಅವಳಿಗೆ ಆಗಲೇ ಎಲ್ಲ ಗೊತ್ತಿತ್ತು. ತನಗೆ ಹೇಳಲು ಮನಸ್ಸು ಬಂದಿಲ್ಲ, ಅಷ್ಟೆ. ಶೌಕಿ ಹತ್ತಿರದ ಕುರ್ಚಿಯಲ್ಲಿ ಕುಸಿದು, ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ.

ಲೋಕದಲ್ಲಿ ಸುದ್ದಿ ಹುಟ್ಟಿಸುವವರು ಬೇಕಾದಷ್ಟು ಜನ ಇದ್ದಾರೆ. ತಾನೇ ಹುಟ್ಟಿಸಿದ ಸುದ್ದಿ ಊರು ಸುತ್ತಿ ಬಂದಾಗ ಅದಕ್ಕೆ ಇಷ್ಟು ಪ್ರಾಮಾಣಿಕವಾಗಿ ಅತ್ತವನು ಮಾತ್ರ ಶೌಕಿ ಒಬ್ಬನೇ ಇರಬೇಕು.

"ಈಗ್ಲೇ ಮನ್ಸೂರಾಕ್ಕೆ ಹೊರಡ್ತೀನಿ," ಎಂದು ಎದ್ದ. ಆದರೆ ಬಂದವರೆಲ್ಲ ಕೈ ಹಿಡಿದು ಸಾಂತ್ವನ ಹೇಳಬೇಕಲ್ಲ. ಸಾಲು ಬೀದಿಯ ಕೊನೆಯ ನಾಲೆಯ ತನಕ ಬೆಳೆದಿತ್ತು. ಒಬ್ಬರ ಕೈಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ಕುವೈತಿನಲ್ಲಿರುವ ಮಗಳಿಗೆ ತಿಳಿಸೋಣವೇ ಎಂದು ಯಾರೋ ಕೇಳಿದರು. "ಅವಳು ತುಂಬು ಬಸುರಿ, ಈಗ್ಲೇ ಬೇಡ," ಎನ್ನುವಷ್ಟು ಪ್ರಜ್ಞೆ ಅವನಿಗಿತ್ತು. ಕರೆಸಿದ ಟ್ಯಾಕ್ಸಿ ಬಂತು. ಜನರನ್ನು ಕಂಡು ಟ್ಯಾಕ್ಸಿಯವನೂ ಇಳಿದು ಸಾಲಿನಲ್ಲಿ ನಿಂತ.

ಇನ್ಶಿರಾ ವ್ಯಾನಿನಿಂದ ಇಳಿದದ್ದು ಆಗ. ಫೋನಿನ ಬ್ಯಾಟರಿ ಮುಗಿದಿತ್ತು, ಸಿಟ್ಟು ಮುಗಿದಿರಲಿಲ್ಲ. ತಮ್ಮ ಬೀದಿಯಲ್ಲಿ ಚಪ್ಪರ ಕಂಡು, ಅಕ್ಕಪಕ್ಕದವರಲ್ಲಿ ಯಾರೋ ಹೋಗಿರಬೇಕೆಂದು ಕಳವಳವಾಯಿತು. ತಿಳಿದ ಹೆಂಗಸು, ತಲೆವಸ್ತ್ರವನ್ನು ಮುಖದ ಮೇಲೆ ಎಳೆದುಕೊಂಡು, ಗದ್ದಲ ಮಾಡದೆ ಹೆಂಗಸರ ಕಡೆ ಹಿಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಬೇರೆ ಬೀದಿಯ ಒಬ್ಬ ಮುದುಕಿ ಬಿಕ್ಕುತ್ತಿದ್ದಳು.

"ಯಾರಮ್ಮ ಹೋಗಿದ್ದು?"

"ಮಂಚದ ಅಂಗಡಿ ಶೌಕಿ ಇಲ್ವಾ, ಅವನ ಹೆಂಡ್ತಿ."

ಇನ್ಶಿರಾಳ ತಲೆಯಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಮರುಕ್ಷಣ ಎಲ್ಲ ತುಂಬಿಕೊಂಡಿತು. ನಾನು ಇಲ್ಲಿ ಕೂತಿದ್ದೇನೆ. ಹಾಗಾದರೆ ಸತ್ತವಳು ಯಾರು? ಅಂದರೆ ಇನ್ನೊಬ್ಬಳು ಇದ್ದಳು.

"ಎಷ್ಟು ವರ್ಷದ ಸಂಸಾರವಂತೆ?" ಎಂದು ಕೇಳಿದಳು.

"ಇಪ್ಪತ್ನಾಲ್ಕು ವರ್ಷ, ತಾಯಿ."

ಇಪ್ಪತ್ನಾಲ್ಕು. ಮೊದಲ ದಿನದಿಂದಲೇ. ತನ್ನ ಮದುವೆಯ ವರ್ಷವೇ ಆ ಮನುಷ್ಯ ಅತ್ತಲೂ ಒಂದು ಮಂಚ ಹಾಕಿಸಿದ್ದಾನೆ. ಕಾರ್ಖಾನೆಗೆ ಹೋಗ್ತೀನಿ, ಕಾರ್ಖಾನೆಗೆ ಹೋಗ್ತೀನಿ ಎಂದು ಹೊರಡುತ್ತಿದ್ದದ್ದು ಎಲ್ಲಿಗೆ ಎಂದು ಈಗ ಗೊತ್ತಾಯಿತು.

"ಆ ಮೇಲಿನ್ಮನೆ ಜೀನಾತ್ ನೋಡು," ಮುದುಕಿ ಕಿವಿಯ ಹತ್ತಿರ ಬಾಗಿದಳು. "ಆಗ್ಲೇ ತನ್ನ ನಾದಿನಿ ವಿಷಯ ತೆಗ್ದಿದ್ದಾಳೆ. ನಲವತ್ತು ದಿನ ಕಳೀಲಿ, ಗಂಡಸು ಒಂಟಿ ಇರ್ಬಾರ್ದು ಅಂತಿದ್ದಾಳೆ."

"ಮೂರನೇದಾ?" ಎಂದಳು ಇನ್ಶಿರಾ. ಮುದುಕಿಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಅಡ್ಡಬಟ್ಟೆಯ ಆಚೆಯಿಂದ ಶೌಕಿಯ ದನಿ ಕೇಳಿತು. ಅಳುತ್ತಲೇ ಯಾರಿಗೋ ಹೇಳುತ್ತಿದ್ದ:

"ಅವಳಂಥ ಹೆಂಗಸು ಇನ್ನೊಬ್ಬಳು ಹುಟ್ಟಲ್ಲ, ಹಾಜಿ. ಒಂದು ದಿನ ನಂಗೆ ಎದುರು ಮಾತಾಡಿದವಳಲ್ಲ."

ತನ್ನ ಬಗ್ಗೆ ಅಲ್ಲ ಎಂಬುದಕ್ಕೆ ಇನ್ಶಿರಾಗೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

"ದನಿ ಎತ್ತಿದವಳಲ್ಲ. ಎಷ್ಟು ಮೆದು ಮಾತು. ಮನೆಯೊಳಗೆ ಪಾರಿವಾಳ ಓಡಾಡಿದ ಹಾಗೆ ಇರ್ತಿದ್ಲು. ನಕ್ಕರೆ ನನ್ನ ಆಯಾಸ ಎಲ್ಲ ಇಳಿದು ಹೋಗೋದು. ನನ್ನಂಥ ಕತ್ತೆಗೆ ಅವಳು ಜಾಸ್ತಿಯಾಗಿದ್ಲು, ಹಾಜಿ. ಅದನ್ನ ಅವಳಿಗೆ ಒಂದು ಸಲನೂ ಹೇಳ್ಲಿಲ್ಲ."

ಪಾರಿವಾಳ. ಇಪ್ಪತ್ನಾಲ್ಕು ವರ್ಷದಲ್ಲಿ ತನ್ನನ್ನು ಆ ಮನುಷ್ಯ ಯಾವ ಹಕ್ಕಿಗೂ ಹೋಲಿಸಿದ್ದಿಲ್ಲ. ಇನ್ಶಿರಾ ಎದ್ದಳು. ಅಡ್ಡ ಕಟ್ಟಿದ ಬಟ್ಟೆಯನ್ನು ಎರಡೂ ಕೈಯಿಂದ ಸರಿಸಿ, ಗಂಡಸರ ನಡುವೆ ಬಂದು ನಿಂತು, ಮುಖದ ವಸ್ತ್ರ ಹಿಂದಕ್ಕೆಸೆದಳು.

"ಯಾರ್ರೀ ಅವಳು?"

ಒಂದು ಅಧ್ಯಾಯ ಮುಗಿಸಿ ಇನ್ನೊಂದಕ್ಕೆ ಬಾಯಿ ತೆರೆದಿದ್ದ ಶೇಖ್ ಅರಫಾ ಮೈಕಿಗೆ ಕೈ ಅಡ್ಡ ಹಿಡಿದ. ಹಾಜಿ ಮಿತ್ವಲ್ಲಿಯ ಕೈಯಿಂದ ತಟ್ಟೆ ಜಾರಿತು. ಮುಂದಿನ ಸಾಲಿನವರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಭೂತಕಾಲದಿಂದ ನೇರವಾಗಿ ಎದ್ದು ಬಂದ ಭೂತವನ್ನು ಆ ಬೀದಿ ಹಿಂದೆಂದೂ ಕಂಡಿರಲಿಲ್ಲ.

"ಇನ್ಶಿರಾ," ಎಂದ ಶೌಕಿ. "ನೀನಾ?"

"ನಾನೇ. ಅವಳು ಯಾರು ಅಂತ ಕೇಳ್ದೆ."

"ಯಾವಳು?"

"ಸತ್ತವಳು."

"ನೀನೇ."

"ನಾನಾ?"

"ನೀನೇ ಕಣೆ. ಬೆಳಿಗ್ಗೆ. ಮನ್ಸೂರಾದಲ್ಲಿ."

"ನಾನು ಮನ್ಸೂರಾದಲ್ಲಿ ಬದನೆಕಾಯಿಗೆ ಅಕ್ಕಿ ಮಸಾಲೆ ತುಂಬಿದೆ, ಅಮ್ಮನ ಕಾಲು ಒತ್ತಿದೆ, ವ್ಯಾನ್ ಹತ್ತಿ ಬಂದೆ. ಮಧ್ಯೆ ಯಾವಾಗ ಸತ್ತೆ?"

ಹೆಂಗಸರ ಕಡೆಯಿಂದ ಜೀನಾತ್ ಇಣುಕಿ, ಇನ್ಶಿರಾಳನ್ನು ಕಂಡು, ಮತ್ತೆ ಒಳಕ್ಕೆ ಹೋದಳು. ನಾದಿನಿಯ ಮಾತು ಅಲ್ಲಿಗೆ ಮುಗಿಯಿತು. ಶೌಕಿ ಮುಂದೆ ಬಂದು ಹೆಂಡತಿಯ ಕೈ ಮುಟ್ಟಿ ನೋಡಿದ, ಕೆನ್ನೆ ಮುಟ್ಟಿ ನೋಡಿದ, ಇಡೀ ಬೀದಿಯೆದುರು ಅವಳ ಹೆಗಲ ಮೇಲೆ ತಲೆಯಿಟ್ಟು ಇನ್ನೊಂದು ಸುತ್ತು ಅತ್ತ. "ಹಸಿರು ಪರದೇನೇ ಹಾಕ್ಸೋಣ ಕಣೆ," ಎಂದ. ಆಗ ಇನ್ಶಿರಾಗೆ ಮೊದಲ ಬಾರಿ ಅನುಮಾನ ಬಂತು: ಪಾರಿವಾಳ ಎಂದದ್ದು ತನಗೇ ಇರಬಹುದೇ?

ಈ ಗಳಿಗೆಯಲ್ಲಿ ಟ್ಯಾಕ್ಸಿಯಿಂದ ಮಿಸೆಸ್ ಕೆರಿಗನ್ ಇಳಿದಳು. ಕಪ್ಪು ಉಡುಪು, ತೋಳು ತುಂಬ ಬಿಳಿ ಹೂವಿನ ದೊಡ್ಡ ಚಕ್ರ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯ ಬೇರೊಬ್ಬ ಹೆಂಗಸಿನ ಹೆಗಲ ಮೇಲೆ ತಲೆಯಿಟ್ಟಿರುವುದನ್ನು ಕಂಡು ಅವಳ ಹುಬ್ಬು ಮೇಲೇರಿತು. ಸಾಂತ್ವನ ಹೇಳಲು ಬಂದು ಸಾಲಿನಲ್ಲಿ ನಿಂತಿದ್ದ ಮಿಸ್ ದಾಲಿಯಾಳನ್ನು ಜನ ಹಿಡಿದು ಮುಂದಕ್ಕೆ ತಳ್ಳಿದರು. ಇಬ್ಬರೂ ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ದಾಲಿಯಾ ಕಣ್ಣು ಮುಚ್ಚಿ ತೆರೆದಳು.

"ಶೌಕಿ ಬೇ, ಮದುವೆ ಆಗಿದ್ಯಾ ಅಂತ ಇವರು ಕೇಳ್ದಾಗ ನೀವೇನಂದ್ರಿ?"

ಶೌಕಿ ಹೇಳಿದ. ಅಷ್ಟು ಅತ್ತ ಮೇಲೂ ಉಚ್ಚಾರಣೆ ಕೆಟ್ಟಿರಲಿಲ್ಲ.

"ಹಾಗಂದ್ರೆ, ಇಪ್ಪತ್ನಾಲ್ಕು ವರ್ಷ ಇದ್ಲು, ಈಗಿಲ್ಲ ಅಂತ."

"ಹೇಗೆ ಮಿಸ್? ಫಾರ್ ಹಾಕಿದ್ದೀನಲ್ಲ?"

"ಫಾರ್ ಹಾಕಿದ್ದೀರಿ. ಹ್ಯಾವ್ ಹಾಕ್ಲಿಲ್ಲ. ವಾಸ್ ಹಾಕಿ ಕೊಂದುಬಿಟ್ರಿ."

ಚಪ್ಪರದಲ್ಲಿ ಗುಜುಗುಜು ಎದ್ದಿತು. ಒಂದು ಪದಕ್ಕೆ ಇಷ್ಟು ಕುರ್ಚಿ, ಇಷ್ಟು ಕಾಫಿ? ಹಾಜಿ ಮಿತ್ವಲ್ಲಿ ಎದ್ದು ನಿಂತ. "ತಡಿಯಮ್ಮ, ಇದು ಎಲ್ರಿಗೂ ತಿಳೀಬೇಕಾದ್ದು. ನಾಳೆ ನಾನೂ ಹೀಗೇ ಯಾರನ್ನಾದ್ರೂ ಕೊಂದ್ರೆ? ನನ್ನ ಕಾಫಿ ಅಂಗಡಿ ಅಪ್ಪನ ಕಾಲದಿಂದ ಇದೆ. ಅದಕ್ಕೆ?"

"ಈಗ್ಲೂ ಇದ್ಯಲ್ಲ ಹಾಜಿ, ಹ್ಯಾವ್ ಹಾಕಿ. ಅಪ್ಪನ ಕಾಲದಿಂದ ಅನ್ನೋಕೆ ಸಿನ್ಸ್."

"ನಾನು ಈಗಷ್ಟೆ ಒಂದು ಅಧ್ಯಾಯ ಓದಿ ಮುಗಿಸಿದ್ದೀನಿ," ಎಂದ ಶೇಖ್ ಅರಫಾ ಮೈಕಿನಲ್ಲೇ.

"ಹ್ಯಾವ್, ಅದರ ಜೊತೆ ಜಸ್ಟ್."

"ಇನ್ನೂ ಊಟ ಬಂದಿಲ್ಲ," ಎಂದ ಟ್ಯಾಕ್ಸಿಯವನು ಹಿಂದಿನಿಂದ.

"ಕೊನೆಗೆ ಯೆಟ್ ಹಾಕಿ."

"ನಿನ್ನೆ ಬಂದಿತ್ತು ಅನ್ನೋದಾದ್ರೆ?"

"ನಿನ್ನೆ ಅಂದ ತಕ್ಷಣ ಹ್ಯಾವ್ ಓಡಿಹೋಗುತ್ತೆ. ನಿನ್ನೆ, ಹೋದ್ ವರ್ಷ, ಆವತ್ತು, ಇವೆಲ್ಲ ಬಾಗಿಲು ಹಾಕಿದ ಕೋಣೆಗಳು. ಅಲ್ಲಿ ಭೂತಕಾಲಾನೇ."

ಹಾಜಿ ಇನ್ನೂ ನಿಂತೇ ಇದ್ದ. "ನನ್ನ ಮೊದಲ್ನೇ ಹೆಂಡ್ತಿ ಫತ್ಹಿಯಾ. ಒಂಬತ್ತು ವರ್ಷದ ಸಂಸಾರ," ಎಂದ. "ಅದಕ್ಕೆ ಹ್ಯಾವ್ ಹಾಕ್ಬಹುದಾ?"

ದಾಲಿಯಾ ತಡೆದು, ಮೆಲ್ಲಗೆ ಹೇಳಿದಳು. "ಇಲ್ಲ ಹಾಜಿ. ಅದಕ್ಕೆ ಶೌಕಿ ಬೇ ಹೇಳಿದ್ದೇ ಸರಿ."

ಹಾಜಿ ತಲೆಯಾಡಿಸಿ ಕೂತ.

ಮಿಸೆಸ್ ಕೆರಿಗನ್‌ಗೆ ದಾಲಿಯಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಸುಡಾನ್ ತನಕ ಬಂದಾಗ ಆಕೆ ನಗು ತಡೆಯಲಾರದೆ ಹೂವಿನ ಚಕ್ರದಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಆ ಹೂವನ್ನು ಏನು ಮಾಡುವುದೆಂದು ತಿಳಿಯದೆ ಸಂಕೋಚದಿಂದ ನಿಂತಾಗ ಇನ್ಶಿರಾ ಕೈ ಚಾಚಿದಳು.

"ನನ್ನ ಹೆಸರಲ್ಲಿ ತಂದಿದ್ದು ತಾನೆ? ಕೊಡೋಕೆ ಹೇಳು ಮಿಸ್. ಈ ಮನುಷ್ಯ ಒಂದು ಹೂವು ತಂದವನಲ್ಲ. ಸತ್ತಾದ್ರೂ ಸಿಕ್ತಲ್ಲ."

ಚಪ್ಪರ ಬಿಚ್ಚಲು ಬಂದವರನ್ನು ಜೀನಾತಳೇ ತಡೆದಳು. ಅವಳಿಗೆ ಪ್ರಾಯಶ್ಚಿತ್ತ ಬೇಕಿತ್ತು. ಮದುವೆಗೂ ಸಾವಿಗೂ ಅದೇ ಕೆಂಪು ನೀಲಿ ಬಟ್ಟೆ, ದೀಪ ಒಂದು ಸರ ಹೆಚ್ಚು ಹಾಕಿದರಾಯಿತು. ಕಾಫಿಗೆ ಸಕ್ಕರೆ ಬಿತ್ತು. ಮೂಲೆಯ ಮಿಠಾಯಿ ಅಂಗಡಿಯಿಂದ ಬಿಸಿ ಮಿಶಬ್ಬಕ್ ಬಂತು, ಸುರುಳಿ ಸುರುಳಿ, ಪಾಕ ತೊಟ್ಟಿಕ್ಕುತ್ತ. ಅಳಲು ಬಂದವರು ಬೆರಳು ನೆಕ್ಕಿಕೊಂಡು ಎದ್ದರು. ಮಿಸೆಸ್ ಕೆರಿಗನ್ ಮರುದಿನ ಬೆಳಿಗ್ಗೆ ಅಂಗಡಿಗೆ ಬಂದು ಎಲ್ಲ ಕೋಣೆಗಳಿಗೂ ಹಂಸದ ಮಂಚವನ್ನೇ ಬರೆಸಿದಳು. ಹೆಂಡತಿಗಾಗಿ ಅಷ್ಟು ಅಳುವವನು ಮಂಚ ಗಟ್ಟಿಯಾಗಿಯೇ ಮಾಡಿರುತ್ತಾನೆ ಎಂಬುದು ಆಕೆಯ ತರ್ಕ. ಶೌಕಿ ಅವತ್ತು ಇಂಗ್ಲಿಷಿನಲ್ಲಿ ಮಾತಾಡಲಿಲ್ಲ. ಬೆರಳಿನಿಂದ ತೋರಿಸಿದ, ನಕ್ಕ, ತಲೆಯಾಡಿಸಿದ. ವ್ಯಾಪಾರ ಸೊಗಸಾಗಿ ಕುದುರಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಇನ್ಶಿರಾ ಮುಲೂಖಿಯಾ ಸೊಪ್ಪಿನ ಸಾರು ಮಾಡಿದ್ದಳು, ಬೆಳ್ಳುಳ್ಳಿ ಒಗ್ಗರಣೆ ಇನ್ನೂ ಚುರುಗುಡುತ್ತಿತ್ತು. ಶೌಕಿ ರೊಟ್ಟಿ ಅದ್ದಿ ನಾಲ್ಕು ತುತ್ತು ತಿಂದ. ಏನಾದರೂ ಹೇಳಬೇಕು ಎಂದು ಅವನಿಗೆ ಬಲವಾಗಿ ಅನ್ನಿಸುತ್ತಿತ್ತು. ಗಂಟಲು ಸರಿಮಾಡಿಕೊಂಡ.

"ಚೆನ್ನಾಗಿತ್ತು," ಎಂದ.

ಇನ್ಶಿರಾ ಸೌಟು ಕೆಳಗಿಟ್ಟಳು. "ಇತ್ತಾ?"

ಶೌಕಿ ತಟ್ಟೆ ನೋಡಿದ. ಅರ್ಧಕ್ಕಿಂತ ಹೆಚ್ಚು ಸಾರು ಇನ್ನೂ ಅಲ್ಲೇ ಇತ್ತು, ಹಬೆಯಾಡುತ್ತ. ತಲೆಯೆತ್ತಿ ಹೆಂಡತಿಯನ್ನು ನೋಡಿದ. ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸಿ, ಒಳಗೇ ಲೆಕ್ಕ ಹಾಕಿ, ಪದಗಳನ್ನು ಒಂದೊಂದಾಗಿ ಜೋಡಿಸಿ ಇಟ್ಟ.

"ಚೆನ್ನಾಗಿದೆ," ಎಂದ. "ಇಪ್ಪತ್ನಾಲ್ಕು ವರ್ಷದಿಂದ ಚೆನ್ನಾಗಿದೆ."

ಇನ್ಶಿರಾ ಸೌಟು ಎತ್ತಿಕೊಂಡು, ಅವನು ಸಾಕು ಸಾಕು ಎನ್ನುತ್ತಿದ್ದರೂ ಕೇಳದೆ, ತಟ್ಟೆಯ ಅಂಚಿನ ತನಕ ತುಂಬಿಸಿದಳು.